ಹಿಡಿಯುತ್ತದೆ, ಆದರೆ ಕತ್ತರಿಸುವುದಿಲ್ಲ: ಝಿಂಕ್ ಫಿಂಗರ್‌ಗೆ ಫೋಕ್-1 ಜೋಡಿಸುವಾಗ ಗಮನಿಸಬೇಕಾದದ್ದು

ಪ್ರಶ್ನೆ: ಝಿಫ್268 ಪ್ರೋಟೀನಿನ ಮೂರು ಝಿಂಕ್ ಫಿಂಗರ್‌ಗಳಿಗೆ (ಡಿಎನ್‌ಎಯ ನಿರ್ದಿಷ್ಟ ಅನುಕ್ರಮವನ್ನು ಗುರುತಿಸಿ ಹಿಡಿಯುವ ಭಾಗಗಳು) ಡಿಎನ್‌ಎ ಕತ್ತರಿಸುವ ಫೋಕ್-1 ಕಿಣ್ವದ ಕತ್ತರಿಸುವ ಭಾಗವನ್ನು ಜೋಡಿಸಿ ಫ್ಯೂಷನ್ ಪ್ರೋಟೀನ್ ಮಾಡಿದ್ದೇನೆ. ಎರಡರ ನಡುವೆ 15 ಅಮೈನೋ ಆಮ್ಲಗಳ ಗ್ಲೈಸೀನ್-ಸೆರೀನ್ ಲಿಂಕರ್ (ಎರಡು ಭಾಗಗಳನ್ನು ಸೇರಿಸುವ ಕೊಂಡಿ) ಇದೆ. ಪ್ಲಾಸ್ಮಿಡ್‌ನಲ್ಲಿ (ಉಂಗುರಾಕಾರದ ಚಿಕ್ಕ ಡಿಎನ್‌ಎ) ಗುರಿ ಅನುಕ್ರಮವನ್ನು ಒಂದೇ ದಿಕ್ಕಿನಲ್ಲಿ ಎರಡು ಸಲ, 10 ಬೇಸ್ ಜೋಡಿಗಳ ಅಂತರ ಬಿಟ್ಟು ಇಟ್ಟಿದ್ದೇನೆ. ಜೆಲ್ ಶಿಫ್ಟ್ ಪರೀಕ್ಷೆಯಲ್ಲಿ (ಪ್ರೋಟೀನ್ ಅಂಟಿದ ಡಿಎನ್‌ಎ ಜೆಲ್‌ನಲ್ಲಿ ನಿಧಾನವಾಗಿ ಸಾಗುವುದನ್ನು ನೋಡುವ ಪರೀಕ್ಷೆ) ಪ್ರೋಟೀನ್ ಡಿಎನ್‌ಎಯನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಕತ್ತರಿಸುವುದಿಲ್ಲ. ಪ್ರೋಟೀನ್ ಪ್ರಮಾಣ ಹೆಚ್ಚಿಸಿದರೆ ಪ್ಲಾಸ್ಮಿಡ್ ಪೂರ್ತಿ ಚೂರಾಗಿ ಜೆಲ್‌ನಲ್ಲಿ ಸ್ಮಿಯರ್ (ಸ್ಪಷ್ಟ ಬ್ಯಾಂಡ್ ಇಲ್ಲದ ಉದ್ದನೆಯ ಮಬ್ಬು ಪಟ್ಟಿ) ಮಾತ್ರ ಕಾಣುತ್ತದೆ. ತಪ್ಪು ಎಲ್ಲಿದೆ? ಝಿಂಕ್ ಫಿಂಗರ್ ಬಿಟ್ಟು ಡಿಎನ್‌ಎ ಗುರುತಿಸುವ ಇನ್ನೊಂದು ಬಗೆಯಾದ ಟೇಲ್ ಪ್ರೋಟೀನ್‌ಗೆ ಹೋಗಬೇಕೇ?

ಉತ್ತರ: ನಿಮ್ಮ ಪ್ರೋಟೀನ್ ಕೆಟ್ಟಿಲ್ಲ. ತಪ್ಪು ಇರುವುದು ಗುರಿಯ ದಿಕ್ಕಿನಲ್ಲಿ, ಅಂತರದಲ್ಲಿ ಮತ್ತು ಲಿಂಕರ್‌ನ ಉದ್ದದಲ್ಲಿ. ಈ ಮೂರೂ ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಒಂದನ್ನೇ ಸರಿಪಡಿಸಿದರೆ ಫಲಿತಾಂಶ ಬದಲಾಗುವುದಿಲ್ಲ.

ಫೋಕ್-1 ಸಹಜವಾಗಿ ಹೇಗೆ ಕೆಲಸ ಮಾಡುತ್ತದೆ ಎಂಬುದರಿಂದ ಶುರು ಮಾಡೋಣ. ಈ ಕಿಣ್ವ ಜಿಜಿಎಟಿಜಿ ಎಂಬ ಐದು ಬೇಸ್‌ಗಳನ್ನು ಗುರುತಿಸುತ್ತದೆ, ಆದರೆ ಅಲ್ಲಿ ಕತ್ತರಿಸುವುದಿಲ್ಲ. ಒಂದು ಎಳೆಯಲ್ಲಿ 9 ಬೇಸ್ ಆಚೆ, ಇನ್ನೊಂದರಲ್ಲಿ 13 ಬೇಸ್ ಆಚೆ ಕತ್ತರಿಸಿ ನಾಲ್ಕು ಬೇಸ್‌ಗಳ 5′ ಚಾಚು ಬಿಡುತ್ತದೆ. ಗುರುತಿಸುವ ಭಾಗವೂ ಕತ್ತರಿಸುವ ಭಾಗವೂ ಪ್ರೋಟೀನಿನಲ್ಲಿ ಬೇರೆ ಬೇರೆಯಾಗಿವೆ ಎಂಬುದನ್ನು 1992ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಶ್ರೀನಿವಾಸನ್ ಚಂದ್ರಸೇಗರನ್ ಅವರ ತಂಡ ತೋರಿಸಿತು. 1996ರಲ್ಲಿ ಅದೇ ತಂಡ ಝಿಂಕ್ ಫಿಂಗರ್‌ಗಳಿಗೆ ಈ ಭಾಗವನ್ನು ಜೋಡಿಸಿ ಕತ್ತರಿಸಿ ತೋರಿಸಿತು. ಕತ್ತರಿಸುವ ಭಾಗಕ್ಕೆ ಅನುಕ್ರಮದ ಪರಿವೆಯೇ ಇಲ್ಲ. ಎಲ್ಲಿ ನಿಲ್ಲಿಸಿದರೆ ಅಲ್ಲಿ ಕತ್ತರಿಸುತ್ತದೆ. ಇದು ನಮಗೆ ಅನುಕೂಲವೂ ಹೌದು, ನಿಮ್ಮ ಸ್ಮಿಯರ್‌ನ ಮೂಲವೂ ಹೌದು.

1998ರಲ್ಲಿ ಇನ್ನೊಂದು ವಿಷಯ ಖಚಿತವಾಯಿತು: ಈ ಭಾಗ ಒಂಟಿಯಾಗಿ ಎರಡೂ ಎಳೆಗಳನ್ನು ಕತ್ತರಿಸಲಾರದು. ಪ್ರತಿ ಘಟಕದಲ್ಲಿರುವುದು ಒಂದೇ ಸಕ್ರಿಯ ಸ್ಥಾನ, ಅದು ಕತ್ತರಿಸುವುದು ಒಂದೇ ಎಳೆಯನ್ನು. ಎರಡು ಘಟಕಗಳು ಕತ್ತರಿಯ ಎರಡು ಅಲಗುಗಳಂತೆ ಎದುರುಬದುರಾಗಿ ಕೂಡಿದಾಗ ಮಾತ್ರ ಡಿಎನ್‌ಎ ತುಂಡಾಗುತ್ತದೆ. ಆ ಕೂಡಿಕೆ ತೀರಾ ದುರ್ಬಲ. ದ್ರಾವಣದಲ್ಲಿ ತಾವಾಗಿ ಅವು ಕೂಡಿಕೊಂಡಿರುವುದಿಲ್ಲ. ಡಿಎನ್‌ಎ ಮೇಲೆ ಅಕ್ಕಪಕ್ಕ, ಸರಿಯಾದ ಕೋನದಲ್ಲಿ ಕೂರಿಸಿದಾಗ ಕೂಡುತ್ತವೆ. ಹಾಗಾಗಿ ನೀವು ವಿನ್ಯಾಸ ಮಾಡುತ್ತಿರುವುದು ಒಂದು ಪ್ರೋಟೀನನ್ನಲ್ಲ, ಡಿಎನ್‌ಎ ಮೇಲೆ ಕೂತ ಎರಡು ಪ್ರೋಟೀನ್‌ಗಳ ಜೋಡಿಯನ್ನು. ಜೆಲ್ ಶಿಫ್ಟ್ ಈ ಜೋಡಿಯ ಬಗ್ಗೆ ಏನೂ ಹೇಳುವುದಿಲ್ಲ. ಫಿಂಗರ್‌ಗಳು ಹಿಡಿದರೆ ಸಾಕು, ಬ್ಯಾಂಡ್ ಮೇಲಕ್ಕೆ ಸರಿಯುತ್ತದೆ.

ಈಗ ದಿಕ್ಕು. ಝಿಂಕ್ ಫಿಂಗರ್‌ಗಳು ಡಿಎನ್‌ಎಯನ್ನು ಹಿಂದುಮುಂದಾಗಿ ಓದುತ್ತವೆ. ಝಿಫ್268ನ ಗುರಿ 5′ ಕಡೆಯಿಂದ ಜಿಸಿಜಿ-ಟಿಜಿಜಿ-ಜಿಸಿಜಿ. ಪ್ರೋಟೀನಿನ ಎನ್-ತುದಿಯಲ್ಲಿರುವ ಮೊದಲ ಫಿಂಗರ್ ಹಿಡಿಯುವುದು ಕೊನೆಯ, ಅಂದರೆ 3′ ತುದಿಯ ಜಿಸಿಜಿಯನ್ನು. ಎರಡನೆಯದು ಟಿಜಿಜಿಯನ್ನು, ಮೂರನೆಯದು 5′ ತುದಿಯ ಜಿಸಿಜಿಯನ್ನು. ಫೋಕ್-1 ಮೂರನೆಯ ಫಿಂಗರ್‌ನ ನಂತರ, ಸಿ-ತುದಿಯಲ್ಲಿ ಇದೆ. ಆದ್ದರಿಂದ ಅದು ಗುರಿಯ 5′ ಬದಿಗೆ ಚಾಚಿಕೊಳ್ಳುತ್ತದೆ. ಎರಡು ಗುರಿಗಳೂ ಒಂದೇ ದಿಕ್ಕಿನಲ್ಲಿದ್ದರೆ ಒಂದರ ಫೋಕ್-1 ನಡುವಿನ ಅಂತರದಲ್ಲಿ ಕೂರುತ್ತದೆ, ಇನ್ನೊಂದರದ್ದು ಹೊರಗಡೆಗೆ ಹೋಗುತ್ತದೆ. ಅವು ಭೇಟಿಯಾಗುವುದೇ ಇಲ್ಲ.

ಮೇಲಿನ ಎಳೆಯಲ್ಲಿ 5′ ಕಡೆಯಿಂದ ಬರೆದರೆ ಸರಿಯಾದ ಗುರಿ ಹೀಗಿರಬೇಕು: ಸಿಜಿಸಿ-ಸಿಸಿಎ-ಸಿಜಿಸಿ, ಆಮೇಲೆ 6 ಬೇಸ್‌ಗಳ ಸ್ಪೇಸರ್ (ಎರಡು ಗುರಿಗಳ ನಡುವಿನ ಅಂತರ), ಆಮೇಲೆ ಜಿಸಿಜಿ-ಟಿಜಿಜಿ-ಜಿಸಿಜಿ. ಎಡಗಡೆಯದು ಅದೇ ಗುರಿಯ ವಿರುದ್ಧ ಪೂರಕ. ಕೆಳಗಿನ ಎಳೆಯಲ್ಲಿ ಓದಿದರೆ ಅದೂ ಜಿಸಿಜಿ-ಟಿಜಿಜಿ-ಜಿಸಿಜಿಯೇ. ಎರಡೂ ಗುರಿಗಳ 5′ ತುದಿ ಸ್ಪೇಸರ್ ಕಡೆ ಮುಖ ಮಾಡಿರಬೇಕು. ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ. ಡಿಎನ್‌ಎ ಆರ್ಡರ್ ಮಾಡುವ ಮುಂಚೆ ಕಾಗದದ ಮೇಲೆ ಎರಡೂ ಎಳೆ ಬರೆದು, ಪ್ರತಿ ಫಿಂಗರ್ ಯಾವ ತ್ರಿವಳಿಯ ಮೇಲೆ ಕೂರುತ್ತದೆ ಎಂದು ಗುರುತು ಹಾಕಿ ನೋಡಿ. ಕಂಪ್ಯೂಟರ್ ಪರದೆಯ ಮೇಲೆ ತಪ್ಪಿಹೋಗುವ ತಲೆಕೆಳಗು ಕಾಗದದಲ್ಲಿ ಸಿಕ್ಕಿಬೀಳುತ್ತದೆ. ಇಂಥ ಎದುರುಬದುರು ಅನುಕ್ರಮದ ಆಲಿಗೋಗಳು (ಕೃತಕವಾಗಿ ತಯಾರಿಸಿದ ಚಿಕ್ಕ ಡಿಎನ್‌ಎ ಎಳೆಗಳು) ತಮ್ಮಷ್ಟಕ್ಕೆ ಮಡಚಿಕೊಂಡು ಹೇರ್‌ಪಿನ್ ಆಗುತ್ತವೆ ಎಂಬುದೂ ತಿಳಿದಿರಲಿ. 50 ಮಿಲಿಮೋಲಾರ್ ಉಪ್ಪಿನಲ್ಲಿ, ಸಾಂದ್ರತೆ ಹೆಚ್ಚಿಟ್ಟು, 95 ಡಿಗ್ರಿಯಿಂದ ನಿಧಾನವಾಗಿ ತಣಿಸಿ. ಸ್ಪೇಸರ್ ಕೂಡ ತನಗೆ ತಾನೇ ಪೂರಕವಾಗಿರದಂತೆ ಆರಿಸಿಕೊಳ್ಳಿ. ಕ್ಲೋನ್ ಆದ ಮೇಲೆ ಸೀಕ್ವೆನ್ಸ್ ಮಾಡಿಸದೆ ಮುಂದುವರಿಯಬೇಡಿ.

10 ಬೇಸ್ ಅಂತರ ಇಟ್ಟದ್ದರ ಹಿಂದಿನ ಯೋಚನೆ ಊಹಿಸಬಲ್ಲೆ: ಸುರುಳಿಯ ಒಂದು ಸುತ್ತು ಸುಮಾರು ಹತ್ತು ಬೇಸ್, ಎರಡೂ ಪ್ರೋಟೀನ್ ಒಂದೇ ಪಕ್ಕಕ್ಕೆ ಬರುತ್ತವೆ. ತರ್ಕ ಚೆನ್ನಾಗಿದೆ, ಆದರೆ ಫೋಕ್-1 ಜೋಡಿಯ ಜ್ಯಾಮಿತಿ ಅದಲ್ಲ. ಮೂರನೆಯ ಫಿಂಗರ್‌ನ ಕೊನೆಯ ಹಿಸ್ಟಿಡೀನ್ ಆದ ಮೇಲೆ ಚಿಕ್ಕ ಲಿಂಕರ್, ನಡುವೆ 5 ಅಥವಾ 6 ಬೇಸ್‌ಗಳ ಸ್ಪೇಸರ್: ಇದು ಮತ್ತೆ ಮತ್ತೆ ಪರೀಕ್ಷೆಗೆ ಒಳಗಾಗಿ ಗೆದ್ದ ಜೋಡಣೆ. ಲ್ಯೂಸೀನ್-ಆರ್ಜಿನೀನ್-ಗ್ಲೈಸೀನ್-ಸೆರೀನ್ ಎಂಬ ನಾಲ್ಕು ಅಮೈನೋ ಆಮ್ಲಗಳ ಲಿಂಕರ್ ಬಹಳ ಬಳಕೆಯಲ್ಲಿದೆ; ಅದನ್ನೇ ಹಾಕಿ. ಅದರ ನಂತರ ಫೋಕ್-1ರ 384ನೇ ಗ್ಲುಟಮೀನ್‌ನಿಂದ ಹಿಡಿದು 579ನೇ ಅಮೈನೋ ಆಮ್ಲದವರೆಗಿನ 196 ಅಮೈನೋ ಆಮ್ಲಗಳು ಬರಲಿ.

ಉದ್ದ ಲಿಂಕರ್ ಇದ್ದರೆ ಎರಡು ಭಾಗಗಳಿಗೂ ಸ್ವಾತಂತ್ರ್ಯ ಸಿಗುತ್ತದೆ, ಮಡಚಿಕೊಳ್ಳಲು ಅಡ್ಡಿಯಾಗುವುದಿಲ್ಲ ಎಂಬುದು ಬೇರೆ ಫ್ಯೂಷನ್ ಪ್ರೋಟೀನ್‌ಗಳಿಗೆ ಒಪ್ಪುವ ಮಾತು. ಪ್ರತಿದೀಪಕ ಪ್ರೋಟೀನ್ ಜೋಡಿಸುವಾಗ ಹದಿನೈದು ಗ್ಲೈಸೀನ್-ಸೆರೀನ್ ಒಳ್ಳೆಯದೇ. ಇಲ್ಲಿ ಅದೇ ಸ್ವಾತಂತ್ರ್ಯ ಹಾನಿಕರ. ಕತ್ತರಿಸುವ ಭಾಗ ಹಗ್ಗಕ್ಕೆ ಕಟ್ಟಿದಂತೆ ಅತ್ತಿತ್ತ ಓಲಾಡಿದರೆ ಸ್ಪೇಸರ್ ಮೇಲೆ ಅದರ ಸ್ಥಳೀಯ ಸಾಂದ್ರತೆ ಇಳಿಯುತ್ತದೆ, ಸರಿಯಾದ ಕೋನದಲ್ಲಿ ಕೂಡುವ ಸಾಧ್ಯತೆ ಕಡಿಮೆಯಾಗುತ್ತದೆ, ಜೊತೆಗೆ ಬೇರೆ ಬೇರೆ ಅಂತರದ ತಪ್ಪು ಗುರಿಗಳನ್ನೂ ಅದು ಸಹಿಸಿಕೊಳ್ಳತೊಡಗುತ್ತದೆ. ಚಿಕ್ಕ ಲಿಂಕರ್ ಅಂತರದ ವಿಷಯದಲ್ಲಿ ಕಟ್ಟುನಿಟ್ಟು. ನಿರ್ದಿಷ್ಟತೆಯ ಒಂದು ಪಾಲು ಬರುವುದು ಈ ಕಟ್ಟುನಿಟ್ಟಿನಿಂದಲೇ.

ಇನ್ನು ಸ್ಮಿಯರ್. ಇದಕ್ಕೆ ಎರಡು ಕಾರಣಗಳಿರಬಹುದು, ಎರಡನ್ನೂ ಬೇರ್ಪಡಿಸಿ ನೋಡಲೇಬೇಕು. ಒಂದು, ಪ್ರೋಟೀನ್ ಹೆಚ್ಚಾದಾಗ ಫಿಂಗರ್‌ಗಳು ಸಿಕ್ಕಸಿಕ್ಕಲ್ಲಿ ಸಡಿಲವಾಗಿ ಕೂತು, ಪಕ್ಕದಲ್ಲಿ ಇನ್ನೊಂದು ಬಂದು ಕೂಡಿ, ಎಲ್ಲೆಂದರಲ್ಲಿ ಕತ್ತರಿಸುವುದು. ಎರಡು, ಶುದ್ಧೀಕರಣದಲ್ಲಿ ಉಳಿದ ಇ. ಕೋಲಿಯ ಸ್ವಂತ ನ್ಯೂಕ್ಲಿಯೇಸ್‌ಗಳು. ಬೇರ್ಪಡಿಸಲು ಒಂದೇ ದಾರಿ: ಫೋಕ್-1ರ 450ನೇ ಆಸ್ಪಾರ್ಟೇಟನ್ನು ಅಲನೀನ್‌ಗೆ ಬದಲಿಸಿದ ರೂಪಾಂತರವನ್ನು ಮಾಡಿ, ಅದನ್ನೂ ಅದೇ ದಿನ, ಅದೇ ಕಾಲಂಗಳಲ್ಲಿ ಶುದ್ಧೀಕರಿಸಿ. ಅದು ಹಿಡಿಯುತ್ತದೆ, ಕತ್ತರಿಸಲಾರದು. ಅದರಲ್ಲೂ ಸ್ಮಿಯರ್ ಬಂದರೆ ಕಲ್ಮಷ ಇದೆ ಎಂದರ್ಥ. ಬರದಿದ್ದರೆ ಸ್ಮಿಯರ್ ನಿಮ್ಮ ಪ್ರೋಟೀನಿನದೇ. ಪ್ರಮಾಣ ಇಳಿಸಬೇಕು, ಉಪ್ಪು ಏರಿಸಬೇಕು. ಈ ನಿಯಂತ್ರಣವಿಲ್ಲದೆ ಯಾವ ಫಲಿತಾಂಶವನ್ನೂ ನಂಬಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಪ್ರೋಟೀನ್ ತಯಾರಿಕೆಯಲ್ಲಿ ಸತುವಿನ ಕಡೆ ಸದಾ ಗಮನ ಇರಲಿ. ಪ್ರತಿ ಫಿಂಗರ್ ಸುಮಾರು 30 ಅಮೈನೋ ಆಮ್ಲಗಳದ್ದು. ಎರಡು ಸಿಸ್ಟೀನ್, ಎರಡು ಹಿಸ್ಟಿಡೀನ್ ಸೇರಿ ಒಂದು ಸತುವಿನ ಅಯಾನನ್ನು ಹಿಡಿದಿಟ್ಟುಕೊಂಡರೆ ಮಾತ್ರ ಅದಕ್ಕೆ ಆಕಾರ. ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮಕ್ಕೆ 50ರಿಂದ 100 ಮೈಕ್ರೋಮೋಲಾರ್ ಸತುವಿನ ಕ್ಲೋರೈಡ್ ಹಾಕಿ. ಕತ್ತರಿಸುವ ಪ್ರೋಟೀನ್ ಆತಿಥೇಯ ಕೋಶಕ್ಕೇ ವಿಷವಾದ್ದರಿಂದ ಸೋರಿಕೆ (ಬೇಡದ ಹೊತ್ತಿನಲ್ಲೇ ಪ್ರೋಟೀನ್ ತಯಾರಾಗುವುದು) ತಡೆಯಲು ರಾತ್ರಿಯ ಕಲ್ಚರ್‌ಗೆ 1 ಶೇಕಡಾ ಗ್ಲುಕೋಸ್ ಬೇಕು. ಹೊಸದಾಗಿ ಟ್ರಾನ್ಸ್‌ಫಾರ್ಮ್ ಮಾಡಿದ ಕಾಲೊನಿಗಳನ್ನೇ ಬಳಸಿ. ಹಳೆಯ ಗ್ಲಿಸರಾಲ್ ದಾಸ್ತಾನಿನಲ್ಲಿ ಪ್ರೋಟೀನ್ ಮಾಡದ ರೂಪಾಂತರಗಳೇ ಗೆದ್ದು ತುಂಬಿಕೊಂಡಿರುವ ಅಪಾಯ ಇದೆ. ಕಲ್ಚರ್‌ನ ದಟ್ಟಣೆ ತೋರಿಸುವ ಓಡಿ 0.6 ತಲುಪಿದಾಗ 18 ಡಿಗ್ರಿಗೆ ತಣಿಸಿ, 0.1ರಿಂದ 0.2 ಮಿಲಿಮೋಲಾರ್ ಐಪಿಟಿಜಿ (ಪ್ರೋಟೀನ್ ತಯಾರಿಕೆ ಶುರು ಮಾಡಿಸುವ ರಾಸಾಯನಿಕ) ಹಾಕಿ ರಾತ್ರಿಯಿಡೀ ಬಿಡಿ.

ಕೋಶ ಒಡೆಯುವ ಬಫರ್‌ನಲ್ಲಿ ಲೋಹದ ಅಯಾನುಗಳನ್ನು ಸೆಳೆದುಕೊಳ್ಳುವ ಇಡಿಟಿಎ ಬೇಡವೇ ಬೇಡ. ಸಿದ್ಧವಾಗಿ ಸಿಗುವ ಪ್ರೋಟಿಯೇಸ್ ತಡೆಗುಳಿಗೆಗಳಲ್ಲಿ ಅದು ಬೆರೆತಿರುವುದುಂಟು, ಅದಿಲ್ಲದ್ದನ್ನು ನೋಡಿ ತೆಗೆದುಕೊಳ್ಳಿ. ಡಿಟಿಟಿ ಸತುವನ್ನು ಸೆಳೆಯುತ್ತದೆ, ನಿಕಲ್ ಕಾಲಂ ಅನ್ನೂ ಕಂದಾಗಿಸುತ್ತದೆ. ಬದಲಿಗೆ 1 ಮಿಲಿಮೋಲಾರ್ ಟಿಸಿಇಪಿ ಸಾಕು. ಉಪ್ಪು ಧಾರಾಳವಾಗಿರಲಿ: 1 ಮೋಲಾರ್ ಸೋಡಿಯಂ ಕ್ಲೋರೈಡ್, 50 ಮಿಲಿಮೋಲಾರ್ ಟ್ರಿಸ್, ಪಿಎಚ್ 8.0, 10 ಶೇಕಡಾ ಗ್ಲಿಸರಾಲ್, 50 ಮೈಕ್ರೋಮೋಲಾರ್ ಸತು. ಝಿಂಕ್ ಫಿಂಗರ್‌ಗಳು ಧನ ವಿದ್ಯುದಂಶದವು, ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಕಚ್ಚಿಕೊಂಡೇ ಬರುತ್ತವೆ. ಒಡೆದ ದ್ರವಕ್ಕೆ 0.1 ಶೇಕಡಾ ಪಾಲಿಎಥಿಲೀನ್‌ಇಮೈನ್ ಹಾಕಿದರೆ ನ್ಯೂಕ್ಲಿಯಿಕ್ ಆಮ್ಲ ಒತ್ತರಿಸಿ ಕೆಳಗಿಳಿಯುತ್ತದೆ, ಹೆಚ್ಚು ಉಪ್ಪಿನಲ್ಲಿ ಪ್ರೋಟೀನ್ ಮೇಲೆಯೇ ಉಳಿಯುತ್ತದೆ. ನಿಕಲ್ ಕಾಲಂ ಆದ ಮೇಲೆ ಹೆಪಾರಿನ್ ಕಾಲಂ ತಪ್ಪಿಸಬೇಡಿ. 300 ಮಿಲಿಮೋಲಾರ್ ಉಪ್ಪಿನಲ್ಲಿ ಹಾಕಿ 1 ಮೋಲಾರ್ ವರೆಗೆ ಏರಿಸುತ್ತ ಇಳಿಸಿಕೊಳ್ಳಿ. ನ್ಯೂಕ್ಲಿಯೇಸ್ ಕಲ್ಮಷದ ಬಹುಪಾಲು ಇಲ್ಲಿ ಬೇರೆಯಾಗುತ್ತದೆ. ಕೊನೆಗೆ 260 ಮತ್ತು 280 ನ್ಯಾನೋಮೀಟರ್ ಹೀರಿಕೆಯ ಅನುಪಾತ ನೋಡಿ. 0.6ರ ಆಸುಪಾಸು ಇದ್ದರೆ ಶುದ್ಧ. 1 ದಾಟಿದರೆ ಡಿಎನ್‌ಎ ಇನ್ನೂ ಅಂಟಿಕೊಂಡಿದೆ, ಮತ್ತು ನೀವು ಲೆಕ್ಕ ಹಾಕಿದ ಪ್ರೋಟೀನ್ ಸಾಂದ್ರತೆಯೇ ಸುಳ್ಳು. ಕಡಿಮೆ ಉಪ್ಪಿಗೆ ಡಯಾಲಿಸಿಸ್ ಮಾಡಿದರೆ ಪ್ರೋಟೀನ್ ಬಿಳಿಯ ಮೋಡವಾಗಿ ಕೆಳಗೆ ಕೂರಬಹುದು. 300 ಮಿಲಿಮೋಲಾರ್‌ಗಿಂತ ಇಳಿಸದೆ, ಚಿಕ್ಕ ಚಿಕ್ಕ ಪಾಲು ಮಾಡಿ ಮೈನಸ್ 80ರಲ್ಲಿ ಇಡಿ.

ಕತ್ತರಿಸುವ ಪರೀಕ್ಷೆಗೆ ಸುರುಳಿಗಟ್ಟಿದ ಪ್ಲಾಸ್ಮಿಡ್ ಬದಲು ಒಂದೇ ಕಡೆ ಕತ್ತರಿಸಿ ನೇರ ಮಾಡಿದ ಪ್ಲಾಸ್ಮಿಡ್ ಬಳಸಿ. ಸುರುಳಿ ಪ್ಲಾಸ್ಮಿಡ್‌ಗೆ ಎಲ್ಲೋ ಒಂದು ನಿಕ್ (ಒಂದೇ ಎಳೆಯಲ್ಲಿ ಸೀಳು) ಬಿದ್ದರೂ ಬ್ಯಾಂಡ್ ಜಾಗ ಬದಲಿಸುತ್ತದೆ, ಅದನ್ನು ನೋಡಿ ಕತ್ತರಿಸಿತು ಎಂದು ಹಿಗ್ಗುವುದು ಸುಲಭ. ಪಿಯುಸಿ19 ಆದರೆ 2686 ಬೇಸ್ ಜೋಡಿ. ಗುರಿಯನ್ನು ಕ್ಲೋನಿಂಗ್ ಜಾಗದಲ್ಲಿ ಇಟ್ಟು, ಆಂಪಿಸಿಲಿನ್ ಜೀನ್‌ನಲ್ಲಿರುವ ಸ್ಕಾ-1 ಸ್ಥಾನದಲ್ಲಿ ನೇರ ಮಾಡಿದರೆ, ನಿಮ್ಮ ಪ್ರೋಟೀನ್ ಸರಿಯಾದ ಜಾಗದಲ್ಲಿ ಕತ್ತರಿಸಿದಾಗ ಸುಮಾರು 900 ಮತ್ತು 1800 ಬೇಸ್‌ಗಳ ಎರಡು ತುಂಡು ಬರಬೇಕು. ಬೇರೆ ಅಳತೆಯವು ಬಂದರೆ ಅದು ನಿಮ್ಮ ಗುರಿಯಲ್ಲ.

20 ಮೈಕ್ರೋಲೀಟರ್ ಕ್ರಿಯೆಗೆ ಇಂಥ ಡಿಎನ್‌ಎ 175 ನ್ಯಾನೋಗ್ರಾಂ ಹಾಕಿದರೆ 5 ನ್ಯಾನೋಮೋಲಾರ್ ಆಗುತ್ತದೆ. ಪ್ರೋಟೀನ್ ಸುಮಾರು 35 ಕಿಲೋಡಾಲ್ಟನ್ ಎಂದಿಟ್ಟುಕೊಂಡರೆ 70 ನ್ಯಾನೋಗ್ರಾಂ ಎಂದರೆ 100 ನ್ಯಾನೋಮೋಲಾರ್. ಒಂದು ಗುರಿಗೆ ಎರಡು ಪ್ರೋಟೀನ್ ಬೇಕಾದ್ದರಿಂದ 10 ನ್ಯಾನೋಮೋಲಾರ್‌ನಿಂದ ಶುರು ಮಾಡಿ, ಇಮ್ಮಡಿಸುತ್ತ 160ರವರೆಗೆ ಐದು ಟ್ಯೂಬ್ ಇಡಿ. ಮೈಕ್ರೋಮೋಲಾರ್‌ಗೆ ಹೋದರೆ ಸ್ಮಿಯರ್ ಖಂಡಿತ. ಬಫರ್ 20 ಮಿಲಿಮೋಲಾರ್ ಟ್ರಿಸ್ ಪಿಎಚ್ 8.5, 100 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, 5 ಶೇಕಡಾ ಗ್ಲಿಸರಾಲ್, 10 ಮೈಕ್ರೋಮೋಲಾರ್ ಸತು, ಮಿಲಿಲೀಟರ್‌ಗೆ 100 ಮೈಕ್ರೋಗ್ರಾಂ ಬಿಎಸ್‌ಎ. ಪ್ರೋಟೀನ್ ಜೊತೆ ಬರುವ ಉಪ್ಪನ್ನೂ ಲೆಕ್ಕಕ್ಕೆ ಹಿಡಿಯಿರಿ. ಎಲ್ಲ ಟ್ಯೂಬ್‌ಗಳಲ್ಲೂ ಪ್ರೋಟೀನ್ ಬಫರ್‌ನ ಪಾಲು ಒಂದೇ ಇರುವಂತೆ ಮೊದಲೇ ಸಾರಗುಂದಿಸಿಟ್ಟುಕೊಳ್ಳಿ.

ಮೆಗ್ನೀಸಿಯಂ ಯಾವಾಗ ಸೇರಿಸುತ್ತೀರಿ ಎಂಬುದೇ ಈ ಪರೀಕ್ಷೆಯ ಜೀವಾಳ. ಮೊದಲು ಅದಿಲ್ಲದೆ ಪ್ರೋಟೀನನ್ನೂ ಡಿಎನ್‌ಎಯನ್ನೂ ಕೋಣೆಯ ತಾಪದಲ್ಲಿ 30 ನಿಮಿಷ ಬಿಡಿ. ಫಿಂಗರ್‌ಗಳು ತಮ್ಮ ಗುರಿ ಹುಡುಕಿ ಕೂರಲಿ, ಸಡಿಲವಾಗಿ ಕೂತವು ಬಿಟ್ಟುಹೋಗಲಿ. ಆಮೇಲೆ 5 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ ಹಾಕಿ 37 ಡಿಗ್ರಿಗೆ ಒಯ್ಯಿರಿ. 5, 15, 30, 60 ನಿಮಿಷಕ್ಕೆ ಒಂದೊಂದು ಪಾಲು ತೆಗೆಯಿರಿ. ಎಲ್ಲವನ್ನೂ ಒಟ್ಟಿಗೇ ಹಾಕಿದರೆ ಹುಡುಕಾಟದ ಹಂತದಲ್ಲೇ ಅಡ್ಡಾದಿಡ್ಡಿ ಕತ್ತರಿಕೆ ನಡೆದುಹೋಗುತ್ತದೆ. ಮೆಗ್ನೀಸಿಯಂ ಬದಲು ಮ್ಯಾಂಗನೀಸ್ ಬೇಡ, ಅದು ನಿರ್ದಿಷ್ಟತೆಯನ್ನು ಸಡಿಲಿಸುತ್ತದೆ. ನಿಲ್ಲಿಸಲು 20 ಮಿಲಿಮೋಲಾರ್ ಇಡಿಟಿಎ, 0.5 ಶೇಕಡಾ ಎಸ್‌ಡಿಎಸ್ ಮತ್ತು ಪ್ರೋಟೀನೇಸ್ ಕೆ ಹಾಕಿ 50 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟೇ ಜೆಲ್‌ಗೆ ಹಾಕಬೇಕು. ಇಲ್ಲದಿದ್ದರೆ ಡಿಎನ್‌ಎಗೆ ಅಂಟಿದ ಪ್ರೋಟೀನ್ ಬ್ಯಾಂಡ್‌ಗಳನ್ನು ಎಳೆದು, ಬಾವಿಯಲ್ಲೇ ನಿಲ್ಲಿಸಿ, ಇಲ್ಲದ ಸ್ಮಿಯರ್ ತೋರಿಸುತ್ತದೆ. ನಿಮ್ಮ ಈಗಿನ ಸ್ಮಿಯರ್‌ನ ಸ್ವಲ್ಪ ಪಾಲು ಇದೇ ಇರಬಹುದು.

ಜೊತೆಗೆ ಒಂದೇ ಅರ್ಧ ಗುರಿ ಇರುವ ಪ್ಲಾಸ್ಮಿಡ್ಡನ್ನೂ ಓಡಿಸಿ. ಕಡಿಮೆ ಪ್ರಮಾಣದಲ್ಲಿ ಅದು ಕತ್ತರಿಸಿಕೊಳ್ಳಬಾರದು. ಹೆಚ್ಚು ಪ್ರಮಾಣದಲ್ಲಿ ಕತ್ತರಿಸಿಕೊಂಡರೆ ಅಚ್ಚರಿಪಡಬೇಡಿ: ಕೂತ ಒಂದು ಪ್ರೋಟೀನ್ ದ್ರಾವಣದಿಂದ ಇನ್ನೊಂದನ್ನು ಕರೆದುಕೊಳ್ಳುತ್ತದೆ. ಜೋಡಿ ಗುರಿ ಕತ್ತರಿಸಿಕೊಳ್ಳುವ, ಒಂಟಿ ಗುರಿ ಉಳಿಯುವ ಸಾಂದ್ರತೆ ಯಾವುದೋ ಅದೇ ನಿಮ್ಮ ಕೆಲಸದ ಸಾಂದ್ರತೆ.

ಇಷ್ಟು ಆದ ಮೇಲೆ ಸ್ವಂತ ಗುರಿಗೆ ಹೋಗುವ ಆಸೆ ಸಹಜ. ಫಿಂಗರ್‌ನ ಆಲ್ಫಾ ಸುರುಳಿಯಲ್ಲಿ ಮೈನಸ್ 1, 3, 6ನೇ ಸ್ಥಾನದ ಅಮೈನೋ ಆಮ್ಲಗಳು ತ್ರಿವಳಿಯ ಮೂರು ಬೇಸ್‌ಗಳನ್ನು ಮುಟ್ಟುತ್ತವೆ. ಝಿಫ್268ನ ಮೊದಲ ಫಿಂಗರ್‌ನಲ್ಲಿ ಅವು ಆರ್ಜಿನೀನ್, ಗ್ಲುಟಮೇಟ್, ಆರ್ಜಿನೀನ್. ಓದುವುದು 3′ ಕಡೆಯಿಂದ ಜಿ, ಸಿ, ಜಿ. ಇದನ್ನು ನೋಡಿದರೆ ತ್ರಿವಳಿಗೊಂದು ಫಿಂಗರ್ ಹೆಕ್ಕಿ ಸಾಲಾಗಿ ಜೋಡಿಸಿದರೆ ಮುಗಿಯಿತು ಅನ್ನಿಸುತ್ತದೆ. ಮುಗಿಯುವುದಿಲ್ಲ. 2ನೇ ಸ್ಥಾನದ ಆಸ್ಪಾರ್ಟೇಟ್ ಎದುರು ಎಳೆಯಲ್ಲಿ ಪಕ್ಕದ ತ್ರಿವಳಿಯ ಬೇಸನ್ನು ಮುಟ್ಟುವುದರಿಂದ ಪಕ್ಕದ ಫಿಂಗರ್ ಯಾವುದು ಎಂಬುದೂ ಮುಖ್ಯ. ಹಾಗೆ ಬಿಡಿಬಿಡಿಯಾಗಿ ಜೋಡಿಸಿದ ಬಹಳಷ್ಟು ವಿನ್ಯಾಸಗಳು ಸೋಲುತ್ತವೆ ಎಂದು 2008ರಲ್ಲೇ ವಿಸ್ತಾರವಾಗಿ ವರದಿಯಾಗಿದೆ. ಜಿಯಿಂದ ಶುರುವಾಗುವ ತ್ರಿವಳಿಗಳಿಗೆ ಯಶಸ್ಸು ಹೆಚ್ಚು.

ಕೋಶದೊಳಗೆ ಬಳಸುವುದಾದರೆ ಎಡ, ಬಲ ಬೇರೆ ಬೇರೆ ಪ್ರೋಟೀನ್ ಇಟ್ಟು, ಎರಡೂ ಸೇರಿದಾಗ ಮಾತ್ರ ಕೂಡುವ ರೂಪಾಂತರಗಳನ್ನು ಹಾಕಿ. ಒಂದರಲ್ಲಿ 486 ಗ್ಲುಟಮೇಟ್, 496 ಆಸ್ಪಾರ್ಟೇಟ್, 499 ಲ್ಯೂಸೀನ್; ಇನ್ನೊಂದರಲ್ಲಿ 490 ಲೈಸೀನ್, 537 ಆರ್ಜಿನೀನ್, 538 ಲೈಸೀನ್. ಎಡ-ಎಡ, ಬಲ-ಬಲ ಕೂಡಿಕೆ ಇದರಿಂದ ಬಹುಮಟ್ಟಿಗೆ ನಿಲ್ಲುತ್ತದೆ. 9 ಬೇಸ್‌ಗಳ ಗುರಿ ಸರಾಸರಿ 2,62,144 ಬೇಸ್‌ಗಳಿಗೊಮ್ಮೆ ಆಕಸ್ಮಿಕವಾಗಿಯೇ ಬರುವುದರಿಂದ ಇದು ಅನಿವಾರ್ಯ. ಆದರೆ ನಿಮ್ಮ ಮೊದಲ ಪರೀಕ್ಷೆಗೆ ಇವು ಬೇಡ. ಎರಡೂ ಬದಿ ಒಂದೇ ಪ್ರೋಟೀನ್ ಇರುವಾಗ ಈ ರೂಪಾಂತರ ಹಾಕಿದರೆ ಕತ್ತರಿಸುವುದೇ ನಿಂತುಹೋಗುತ್ತದೆ.

ಟೇಲ್‌ಗೆ ಹೋಗಬೇಕೇ? ಝಿಫ್268ರ ತೊಂದರೆ ಬಿಡಿಸಿಕೊಳ್ಳಲು ಬೇಡ. ಹೊಸ ಗುರಿಗಳು ಬೇಕಾದಾಗ ಖಂಡಿತ ಹೋಗಿ. 34 ಅಮೈನೋ ಆಮ್ಲಗಳ ಒಂದೊಂದು ಪುನರಾವರ್ತನೆ ಒಂದೊಂದು ಬೇಸನ್ನು ಓದುತ್ತದೆ. 12 ಮತ್ತು 13ನೇ ಸ್ಥಾನದಲ್ಲಿ ಆಸ್ಪರಜೀನ್-ಐಸೊಲ್ಯೂಸೀನ್ ಇದ್ದರೆ ಎ, ಹಿಸ್ಟಿಡೀನ್-ಆಸ್ಪಾರ್ಟೇಟ್ ಇದ್ದರೆ ಸಿ, ಆಸ್ಪರಜೀನ್-ಗ್ಲೈಸೀನ್ ಇದ್ದರೆ ಟಿ, ಎರಡು ಆಸ್ಪರಜೀನ್ ಇದ್ದರೆ ಜಿ, ಕೆಲವೊಮ್ಮೆ ಎ. ಗುರಿಯ ಮುಂಚೆ ಒಂದು ಟಿ ಇರಬೇಕು. ಸಿ ಮೇಲೆ ಮಿಥೈಲ್ ಇದ್ದರೆ ಹಿಸ್ಟಿಡೀನ್-ಆಸ್ಪಾರ್ಟೇಟ್ ಹಿಡಿತ ಕಳೆದುಕೊಳ್ಳುತ್ತದೆ ಎಂಬುದು ಸಸ್ತನಿ ಕೋಶಗಳಲ್ಲಿ ಬಹಳ ಮಂದಿಯನ್ನು ಕಾಡುವ ತೊಡಕು. ಇಲ್ಲಿ ಓದು ಎನ್-ತುದಿಯಿಂದ 5′ ಕಡೆ ಶುರುವಾಗುತ್ತದೆ, ಅಂದರೆ ಝಿಂಕ್ ಫಿಂಗರ್‌ಗೆ ಪೂರ್ತಿ ವಿರುದ್ಧ. ಫೋಕ್-1 ಗುರಿಯ 3′ ಬದಿಗೆ ಬರುತ್ತದೆ, ಹಾಗಾಗಿ ಎರಡೂ ಗುರಿಗಳ 3′ ತುದಿ ಸ್ಪೇಸರ್ ಕಡೆ ಮುಖ ಮಾಡಬೇಕು. ಟೇಲ್‌ನ ಸಿ-ತುದಿಯ ಚೌಕಟ್ಟು ಉದ್ದವಾದ್ದರಿಂದ ಸ್ಪೇಸರ್ ಕೂಡ ಉದ್ದ, ಸುಮಾರು 12ರಿಂದ 20 ಬೇಸ್. ಝಿಂಕ್ ಫಿಂಗರ್ ಗುರಿಯ ನಕ್ಷೆಯನ್ನೇ ಟೇಲ್‌ಗೆ ನಕಲು ಮಾಡಿದರೆ ಈಗಿನ ತಪ್ಪೇ ಇನ್ನೊಂದು ರೂಪದಲ್ಲಿ ಮರುಕಳಿಸುತ್ತದೆ.

ಟೇಲ್ ಜೀನ್‌ನಲ್ಲಿ ಒಂದೇ ತೆರನ ತುಂಡುಗಳು ಹದಿನೈದು ಇಪ್ಪತ್ತು ಸಲ ಬರುವುದರಿಂದ ಪಿಸಿಆರ್ ಮಾಡಿದರೆ ಏಣಿಯಂತೆ ಬ್ಯಾಂಡ್‌ಗಳು ಬೀಳುತ್ತವೆ. ಅದು ಸೋಲಿನ ಲಕ್ಷಣವಲ್ಲ, ಪ್ರೈಮರ್ ಬದಲಿಸಲು ಹೋಗಬೇಡಿ. ಬೆಳೆಸುವಾಗ ತುಂಡುಗಳು ತಮ್ಮತಮ್ಮಲ್ಲೇ ಅದಲುಬದಲಾಗಿ ಕಳೆದುಹೋಗದಂತೆ ಮರುಸಂಯೋಜನೆ ಮಾಡದ ಇ. ಕೋಲಿ ತಳಿಯನ್ನು ಬಳಸಿ. ಜೋಡಣೆ ಮುಗಿದ ಮೇಲೆ ಪುನರಾವರ್ತನೆಗಳ ಹೊರಗಿನ ಪ್ರೈಮರ್‌ಗಳಿಂದ ಎರಡೂ ತುದಿಯಿಂದ ಸೀಕ್ವೆನ್ಸ್ ಮಾಡಿಸಿ, ನಡುವೆ ಎರಡು ಓದುಗಳು ಒಂದರ ಮೇಲೊಂದು ಬಂದಿವೆಯೇ ಎಂದು ಪುನರಾವರ್ತನೆಗಳನ್ನು ಒಂದೊಂದಾಗಿ ಎಣಿಸಿ ನೋಡಿಕೊಳ್ಳಿ.